ಸಣ್ಣ ಆಸ್ಪತ್ರೆಯ ಮುಂದಿನ ಯೋಜನೆಗೆ ಸ್ವಾಟ್ ವಿಶ್ಲೇಷಣೆ ಹೇಗೆ ಬಳಸುವುದು?

ಆಸ್ಪತ್ರೆಯ ಬಲ, ದೌರ್ಬಲ್ಯ, ಅವಕಾಶ, ಅಪಾಯ ನಾಲ್ಕನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡುವುದೇ ಸ್ವಾಟ್. ಮೊದಲೆರಡು ಒಳಗಿನವು, ಉಳಿದೆರಡು ಹೊರಗಿನವು. ಜಾಸ್ತಿ ಜನ ಎಡವುವುದು ಇಲ್ಲೇ. ‘ಹೊಸ ಸ್ಕ್ಯಾನಿಂಗ್ ಮಷೀನ್ ತರಬಹುದು’ ಅಂತ ಅವಕಾಶದ ಕೆಳಗೆ ಬರೆಯುತ್ತಾರೆ. ಅದು ನೀವು ಮಾಡಬೇಕಾದ ಕೆಲಸ, ಅವಕಾಶ ಅಲ್ವಲ್ಲ!

ತಾಲ್ಲೂಕು ಊರಿನ 30 ಹಾಸಿಗೆಯ ನರ್ಸಿಂಗ್ ಹೋಮ್ ಒಂದಿದೆ ಅಂದುಕೊಳ್ಳಿ. ಹೆರಿಗೆಗೆ ಒಳ್ಳೆ ಹೆಸರಿದೆ, ಅದು ಬಲ. ಅರಿವಳಿಕೆ ಡಾಕ್ಟರ್ ಮಾತ್ರ ಜಿಲ್ಲಾ ಕೇಂದ್ರದಿಂದ ಬರಬೇಕು. ರಾತ್ರಿ ಎರಡಕ್ಕೆ ಸಿಸೇರಿಯನ್ ಬಂದರೆ ಎಲ್ಲರ ಎದೆ ಢವಢವ. ಇದು ದೌರ್ಬಲ್ಯ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಅಡಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಇದು ಅವಕಾಶ. ಆದರೆ ಕರ್ನಾಟಕದಲ್ಲಿ ಬಹಳಷ್ಟು ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಇಲ್ಲದೆ ಆ ರೋಗಿಗಳು ಖಾಸಗಿಗೆ ಬರುವಂತಿಲ್ಲ. ಕ್ಲೇಮ್ ಹಣ ತಡವಾದರೆ ಸಂಬಳ ಕೊಡಲೂ ಪರದಾಟ. ಹಾಗಾಗಿ ಅದೇ ಯೋಜನೆ ಅಪಾಯದ ಪಟ್ಟಿಗೂ ಸೇರುತ್ತದೆ.

ಪಟ್ಟಿ ಮಾಡಿ ಸುಮ್ನೆ ಫೈಲಿಗೆ ಹಾಕಿದರೆ ಪ್ರಯೋಜನವಿಲ್ಲ. ಒಳಗಿನದನ್ನು ಹೊರಗಿನದಕ್ಕೆ ಜೋಡಿಸಬೇಕು. 1982ರಲ್ಲಿ ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕ ಹೈಂಜ್ ವೈರಿಕ್ ಕೊಟ್ಟ ಟೌಸ್ (ಸ್ವಾಟ್‌ನ ಇಂಗ್ಲಿಷ್ ಅಕ್ಷರಗಳನ್ನೇ ತಿರುಗಿಸಿಟ್ಟ ಹೆಸರು) ಕೋಷ್ಟಕ ಇದಕ್ಕೇ ಇರುವುದು. ನಮ್ಮ ಉದಾಹರಣೆಯಲ್ಲಿ, ಅವಕಾಶ ಇದ್ದರೂ ಆಪರೇಷನ್‌ಗೆ ಡಾಕ್ಟರ್ ಸಿಗದಿದ್ದರೆ ಅದನ್ನು ಬಳಸಿಕೊಳ್ಳಲಾಗದು; ಹಾಗಾಗಿ ಹಾಸಿಗೆ ಹೆಚ್ಚಿಸುವ ಮೊದಲು ಅರಿವಳಿಕೆ ಡಾಕ್ಟರನ್ನು ಊರಲ್ಲೇ ಉಳಿಸಿಕೊಳ್ಳುವುದು ಮೊದಲ ಕೆಲಸವಾಗುತ್ತದೆ.

ಇನ್ನೊಂದು ಮಾತು: ಮಾಲೀಕರೊಬ್ಬರೇ ಕೂತು ಇದನ್ನು ಬರೆಯಬಾರದು. ರಾತ್ರಿ ಪಾಳಿಯ ನರ್ಸ್, ಬಿಲ್ಲಿಂಗ್ ಕೌಂಟರಿನವರನ್ನೂ ಕೂರಿಸಿಕೊಳ್ಳಿ. ದೌರ್ಬಲ್ಯದ ಕಾಲಂ ತುಂಬುವುದು ಅವರಿಂದಲೇ.