ಪಾಸ್‌ವರ್ಡ್ ನೆನಪೈತಿ, ಫೋಟೊ ಓಪನ್ ಆಗವಲ್ವು

ಪ್ರಶ್ನೆ: ನಮಸ್ಕಾರ ಸರ, ನಾವು ಹಳೇ ಬಾಗಲಕೋಟಿಯವರು, ಆಲಮಟ್ಟಿ ಹಿನ್ನೀರಿಗೆ ಮನಿ ಹೋದ ಮ್ಯಾಲೆ ನವನಗರಕ್ಕ ಬಂದ್ವಿ. ಆ ಮನಿ, ಓಣಿ, ಅಜ್ಜಿ ಇದ್ದ ಫೋಟೊ ಎಲ್ಲಾ ಸ್ಕ್ಯಾನ್ ಮಾಡಿ ಲ್ಯಾಪ್‌ಟಾಪಿನ ಡಿ ಡ್ರೈವ್‌ನ್ಯಾಗ ಇಟ್ಟಿದ್ದೆ, ಯಾರೂ ತಗದು ನೋಡಬಾರದು ಅಂತ ಫೋಲ್ಡರಿನ ಪ್ರಾಪರ್ಟೀಸ್‌ನ್ಯಾಗ ಎನ್‌ಕ್ರಿಪ್ಟ್ ಟಿಕ್ ಮಾಡಿದ್ದೆ. ಹೋದ ವಾರ ಭಾಳ ಸ್ಲೋ ಆತಂತ ರಿಸೆಟ್ ಮಾಡಿಸಿದೆ. ಫೈಲ್ ಕಾಣತಾವ, ಮ್ಯಾಲೆ ಸಣ್ಣ ಬೀಗದ ಗುರುತು ಐತಿ, ಒತ್ತಿದ್ರ ಪರ್ಮಿಶನ್ ಇಲ್ಲ ಅಂತೈತಿ. ಅದಾ ಹೆಸರು, ಅದಾ ಪಾಸ್‌ವರ್ಡ್ ಇಟ್ಟರೂ ಆಗವಲ್ದು. ಅರ್ಧ ಪ್ರಿಂಟ್ ಹಾಳಾಗ್ಯಾವ, ಉಳಿದವು ವಿಜಯಪುರದಾಗ ಕಾಕಾನ ಮನ್ಯಾಗ ಅದಾವ.
ಓದುಗರು, ಬಾಗಲಕೋಟೆ

ಉತ್ತರ: ಮೊದಲ ಆ ಲ್ಯಾಪ್‌ಟಾಪ್ ಬಂದ್ ಮಾಡ್ರಿ, ಆಮ್ಯಾಲೆ ಮುಂದ ಓದ್ರಿ. ಹೊಸ ಸಾಫ್ಟ್‌ವೇರ್, ಅಪ್‌ಡೇಟ್, ಡಿಸ್ಕ್ ಕ್ಲೀನಪ್ ಯಾವದೂ ಬ್ಯಾಡ, ಯಾಕಂದ್ರ ನಿಮಗ ಬೇಕಾದ ಕೀಲಿ ಇದ್ದದ್ದು ಸಿ ಡ್ರೈವ್‌ನ್ಯಾಗ ನಿಮ್ಮ ಹಳೇ ಅಕೌಂಟಿನ ಒಳಗ, ರಿಸೆಟ್ ಮಾಡಿದಾಗ ಅದೂ ಹೋಗಿರತೈತಿ, ಮ್ಯಾಲೆ ಹೊಸದೇನರೆ ಬರದ್ರ ಅಳಿಸಿದ ಆ ಕೀಲಿ ಮತ್ತ ಸಿಗೂ ಆಸೆನೂ ಹೋಗತೈತಿ.

ನೀವು ಟಿಕ್ ಮಾಡಿದ್ದಕ್ಕ ಇಎಫ್‌ಎಸ್ ಅಂತಾರ, ವಿಂಡೋಸ್ 2000ದಾಗ ಬಂದದ್ದು. ವಿಂಡೋಸ್ ತಾನಾ ಒಂದು ಕೀಲಿ ಮಾಡಿ ಫೈಲಿಗೆ ಬೀಗ ಹಾಕತೈತಿ, ನಿಮ್ಮ ಪಾಸ್‌ವರ್ಡ್ ಆ ಕೀಲಿ ಇಟ್ಟ ಪೆಟ್ಟಿಗಿಗೆ ಅಷ್ಟ. ಪೆಟ್ಟಿಗಿನಾ ಹೋದ ಮ್ಯಾಲೆ ಪಾಸ್‌ವರ್ಡ್ ನೆನಪಿದ್ದು ಏನ್ ಮಾಡೂದು, ಮತ್ತ ಹೆಸರು ಅದಾ ಇಟ್ಟರೂ ಹೊಸ ಅಕೌಂಟಿನ ಒಳಗಿನ ನಂಬರ್ ಬ್ಯಾರೆ, ವಿಂಡೋಸಿಗೆ ನೀವು ಹೊಸಬರು. ಓನರ್‌ಶಿಪ್ ಬದಲಿ ಮಾಡೂ ವಿಡಿಯೋ ನೋಡಿ ಪ್ರಯತ್ನ ಮಾಡಬ್ಯಾಡ್ರಿ, ಅದರಿಂದ ಈ ಬೀಗ ತಗಿಯಂಗಿಲ್ಲ. ಬಿಟ್‌ಲಾಕರಿನ 48 ಅಂಕಿ ಕೀಲಿ ಹುಡುಕ್ರಿ ಅಂತ ಯಾರರೆ ಹೇಳಿದ್ರ, ಅದು ಇಡೀ ಡ್ರೈವ್‌ನ ಬೀಗಕ್ಕ, ನಿಮಗ ಉಪಯೋಗಿಲ್ಲ.

ಈಗ ಹಳೇ ಪೆನ್‌ಡ್ರೈವ್, ಮೇಲ್ ಎಲ್ಲಾ ಹುಡುಕ್ರಿ. ಎನ್‌ಕ್ರಿಪ್ಟ್ ಮಾಡಿದಾಗ ಕೀಲಿ ಬ್ಯಾಕಪ್ ತಗೋರಿ ಅಂತ ವಿಂಡೋಸ್ ಒಂದು ಮೆಸೇಜ್ ತೋರಸತೈತಿ, ಆಗ ನೀವು ಮರತಂಗ ಎಲ್ಲೋ ಸೇವ್ ಮಾಡಿದ್ದರೂ ಮಾಡಿರಬಹುದು. ಹೆಸರಿನ ಕೊನಿಗೆ ಪಿಎಫ್‌ಎಕ್ಸ್ ಅಂತ ಇರೂ ಫೈಲ್ ಅದು. ಸಿಕ್ಕರ ಅದರ ಮ್ಯಾಲೆ ಡಬಲ್ ಕ್ಲಿಕ್ ಮಾಡಿ, ಬ್ಯಾಕಪ್ ತಗೊಳ್ಳುವಾಗ ಕೊಟ್ಟ ಪಾಸ್‌ವರ್ಡ್ ಹಾಕ್ರಿ, ಫೋಟೊ ಓಪನ್ ಆಗತಾವ.

ಸಿಗಲಿಲ್ಲಂದ್ರ ಡಿಸ್ಕ್ ತಗಿಸಿ ಬ್ಯಾರೆ ಕಂಪ್ಯೂಟರಿಗೆ ಹಚ್ಚಿ ಸಿ ಡ್ರೈವ್‌ನ್ಯಾಗ ಹಳೇ ವಿಂಡೋಸ್, ಹಳೇ ಅಕೌಂಟ್ ಇಟ್ಟಿರೂ ವಿಂಡೋಸ್ ಡಾಟ್ ಓಲ್ಡ್ ಫೋಲ್ಡರ್ ಉಳದೈತೇನು ನೋಡ್ರಿ, ಸಾಮಾನ್ಯವಾಗಿ 10 ದಿನಕ್ಕ ಅದು ತಾನಾ ಹೋಗತೈತಿ, ಅದಕ್ಕ ತಡ ಮಾಡಬ್ಯಾಡ್ರಿ. ಅದೂ ಇಲ್ಲಂದ್ರ ಡಿಸ್ಕ್ ಯಾವದು ಅನ್ನೂದರ ಮ್ಯಾಲೆ ಐತಿ. ತಿರುಗೂ ಹಾರ್ಡ್‌ಡಿಸ್ಕ್ ಆದ್ರ ಅಳಿಸಿದ್ದು ಸಿಗೂ ಆಸೆ ಐತಿ, ತಿರುಗದ ಚಿಪ್ಪಿನ ಡಿಸ್ಕ್, ಅಂದ್ರ ಎಸ್‌ಎಸ್‌ಡಿ ಆದ್ರ ಟ್ರಿಮ್ ಅನ್ನೂದು ಅಳಿಸಿದ ಜಾಗ ಖಾಲಿ ಮಾಡಿರತೈತಿ, ಆಸೆ ಇಲ್ಲಂದಂಗನ. ರಿಕವರಿ ಮಾಡೋರಿಗೆ ಫೋಟೊ ಬೇಕು ಅನಬ್ಯಾಡ್ರಿ, ಹಳೇ ಅಕೌಂಟಿನ ಕ್ರಿಪ್ಟೊ, ಪ್ರೊಟೆಕ್ಟ್, ಸಿಸ್ಟಮ್ ಸರ್ಟಿಫಿಕೇಟ್ಸ್ ಅನ್ನೂ ಮೂರು ಫೋಲ್ಡರ್ ಬೇಕು ಅನ್ರಿ, ಕೀಲಿ ಇರೂದು ಅದರಾಗ. ಇವು ಮೂರೂ ಸಿಕ್ಕರ ನಿಮ್ಮ ಹಳೇ ಪಾಸ್‌ವರ್ಡ್ ಆಗ ಕೆಲಸಕ್ಕ ಬರತೈತಿ. ಕೀಲಿ ಇಲ್ಲದ ಒಡದು ಕೊಡತೀವಿ ಅಂದವರಿಗೆ ಒಂದ್ ರೂಪಾಯಿನೂ ಕೊಡಬ್ಯಾಡ್ರಿ, ಇದು ಎಇಎಸ್ 256 ಅನ್ನೂ ಭಾಳ ಗಟ್ಟಿ ಬೀಗ, ಒಡಿಯೂದಲ್ಲ.

ಡಿ ಡ್ರೈವ್‌ನ ಫೈಲ್ ಅಳಿಸಬ್ಯಾಡ್ರಿ, ನಾಳೆ ಕೀಲಿ ಸಿಕ್ಕೀತು. ಕಾಕಾನ ಮನ್ಯಾಗಿನ ಪ್ರಿಂಟ್ ಮಾತ್ರ ಇದೇ ರವಿವಾರ ಹೋಗಿ 600 ಡಿಪಿಐದಾಗ ಸ್ಕ್ಯಾನ್ ಮಾಡಿಸ್ಕೊಂಡು ಬರ್ರಿ, ಆ ಓಣಿ ಈಗ ಇರೂದು ಅದರಾಗನ.