ರಾತ್ರಿ ಪಾಳಿ ಮುಗಿಸಿ ಬಂದವನು ಮಧ್ಯಾಹ್ನ ಎಲ್ಲಿ ಮಲಗಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಆರ್ಕಿಟೆಕ್ಚರ್ ಕೊನೆಯ ವರ್ಷದ ಪ್ರಾಜೆಕ್ಟಿಗೆ ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಕಡೆ ಸುಣ್ಣಕಲ್ಲಿನ ಗಣಿಯ ಹತ್ತಿರ 120 ಕಾರ್ಮಿಕ ಕುಟುಂಬಗಳಿಗೆ ಕಾಲೊನಿ ವಿನ್ಯಾಸ ಮಾಡಬೇಕು. ಅದು ಪರಿಸರಕ್ಕೂ ಹೊಂದಬೇಕು, ಮನುಷ್ಯರಿಗೂ ಹೊಂದಬೇಕು. ಆಸ್ಟ್ರೇಲಿಯಾದ ಕೂಬರ್ ಪೀಡಿಯಲ್ಲಿರುವಂತೆ ನೆಲದೊಳಗೆ ಮನೆ ಮಾಡಬಹುದೇ, ಗೋಡೆಗೆ ಏನು ಬಳಸಬೇಕು, ಸೋಲಾರ್ ಎಲ್ಲಿ ಕೂರಿಸಬೇಕು ಎಂದು ಕೇಳಿದ್ದೀರಿ. ನಾನು ಬಾಗಲಕೋಟೆಯವನು, ಸಿವಿಲ್ ಕೆಲಸ ಮಾಡಿಕೊಂಡಿದ್ದೇನೆ. ಇಳಕಲ್ ಕಡೆಯ ಕ್ವಾರಿಗಳಲ್ಲಿ ಕಾರ್ಮಿಕರ ಮನೆಗಳನ್ನು ಕಟ್ಟಿಸಿದ್ದೇನೆ.

ಮೊದಲು ಕೂಬರ್ ಪೀಡಿಯನ್ನು ಬದಿಗಿಡೋಣ. 1915ರಲ್ಲಿ ಓಪಲ್ ಸಿಕ್ಕ ಆ ಊರಿನಲ್ಲಿ ಸುಮಾರು ಅರ್ಧ ಜನ ನೆಲದೊಳಗೇ ಇರುವುದು ನಿಜ. ಹೊರಗೆ 45 ಡಿಗ್ರಿ ಇದ್ದರೂ ಒಳಗೆ 25ರ ಆಸುಪಾಸು ಇರುತ್ತದೆ. ಆದರೆ ಅಲ್ಲಿಯ ಮರಳುಗಲ್ಲು ಮೆತ್ತಗಿದೆ, ಯಂತ್ರ ಇಟ್ಟರೆ ಕೊರೆದುಹೋಗುತ್ತದೆ, ಕೊರೆದ ಮೇಲೆ ತಾನಾಗಿ ನಿಲ್ಲುತ್ತದೆ. ಮಳೆ ಹೆಸರಿಗಷ್ಟೇ. ನಮ್ಮಲ್ಲಿ ಮೇಲೆ ಎರೆ, ಅಂದರೆ ಕಪ್ಪು ಮಣ್ಣು, ಕೆಳಗೆ ಬಿರುಕುಬಿಟ್ಟ ಸುಣ್ಣಕಲ್ಲು, ಪಕ್ಕದಲ್ಲೇ ಬ್ಲಾಸ್ಟಿಂಗ್. ಮುಂಗಾರು ಕೈಕೊಡುವ ಸೀಮೆಯಾದರೂ ಸೆಪ್ಟೆಂಬರಿನಲ್ಲಿ ಒಂದು ರಾತ್ರಿ ಜೋರು ಮಳೆ ಹೊಡೆದರೆ ತಗ್ಗೆಲ್ಲ ತುಂಬಿ ನಿಲ್ಲುತ್ತದೆ. ಅಲ್ಲಿಂದ ತರಬೇಕಾದದ್ದು ಒಂದೇ: ಆ ಜನ ತಂಪನ್ನು ಕರೆಂಟಿನಿಂದ ಪಡೆಯದೆ ಗೋಡೆಯ ದಪ್ಪದಿಂದ ಪಡೆದರು.

ಈಗ ನನ್ನ ಮುಖ್ಯ ಮಾತು. ಕಾಲೊನಿ ವಿನ್ಯಾಸ ಮಾಡುವವರೆಲ್ಲ ಸಂಜೆ ಆರಕ್ಕೆ ಮನೆಗೆ ಬಂದು ರಾತ್ರಿ ಮಲಗುವ ಕುಟುಂಬವನ್ನು ಮನಸ್ಸಿನಲ್ಲಿಟ್ಟುಕೊಂಡು ಗೆರೆ ಎಳೆಯುತ್ತಾರೆ. ಗಣಿಯಲ್ಲಿ, ಕ್ರಷರಿನಲ್ಲಿ, ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಇರುತ್ತದೆ. ರಾತ್ರಿ ಹತ್ತಕ್ಕೆ ಹೋದವನು ಬೆಳಿಗ್ಗೆ ಆರಕ್ಕೆ ಬಂದು, ಚಹಾ ಕುಡಿದು, ಮಗುವನ್ನು ಶಾಲೆಗೆ ಬಿಟ್ಟು, ಒಂಬತ್ತಕ್ಕೆ ಮಲಗುತ್ತಾನೆ. ಏಪ್ರಿಲ್-ಮೇ ತಿಂಗಳ ನಮ್ಮ ನಲವತ್ತು ಡಿಗ್ರಿಯಲ್ಲಿ, ಹಗಲು ಒಂಬತ್ತರಿಂದ ಮೂರರವರೆಗೆ ಅವನಿಗೆ ಕತ್ತಲೆ, ತಂಪು, ಸದ್ದಿಲ್ಲದ ಜಾಗ ಬೇಕು. ನಿದ್ದೆಗೆಟ್ಟವನು ಮರುರಾತ್ರಿ ಡಂಪರ್ ಓಡಿಸುತ್ತಾನೆ. ಹಾಗಾಗಿ ಗಣಿ ಮನೆಯ ವಿನ್ಯಾಸವನ್ನು ಈ ಒಂದು ಖೋಲಿಯಿಂದ ಶುರು ಮಾಡಿ. ಉಳಿದದ್ದೆಲ್ಲ ಅದರ ಸುತ್ತ ತಾನಾಗಿ ಕೂರುತ್ತದೆ.

ನಾನು ನೋಡಿದ ಒಂದು ಕ್ವಾರ್ಟರ್ಸ್ ಸಾಲಿನ ಕಥೆ ಹೇಳುತ್ತೇನೆ. ಯಾರು ಕಟ್ಟಿಸಿದ್ದು ಎನ್ನುವುದು ಬೇಡ. ಆರು ಇಂಚಿನ ಸಿಮೆಂಟ್ ಬ್ಲಾಕಿನ ಗೋಡೆ, ಮೇಲೆ ತಗಡು, ಪಶ್ಚಿಮಕ್ಕೆ ದೊಡ್ಡ ಕಿಟಕಿ. ಗಾಳಿ-ಬೆಳಕು ಚೆನ್ನಾಗಿರಲಿ ಎಂದು ಇಟ್ಟದ್ದಂತೆ. ಆ ಕಿಟಕಿಗೆ ಮನೆಯಾಕೆ ಕೌದಿ ಹೊದಿಸಿ, ಅದರ ಮೇಲೆ ನೀರು ಚಿಮುಕಿಸಿದ ಗೋಣಿಚೀಲ ನೇತುಹಾಕಿದ್ದಳು. ಗೋಡೆಯಾಚೆ ಪಕ್ಕದ ಮನೆಯ ಅಡುಗೆಮನೆ. ಹನ್ನೊಂದು ಗಂಟೆಗೆ ಅಲ್ಲಿ ರೊಟ್ಟಿ ಬಡಿಯಲು ಶುರು ಮಾಡಿದರೆ ಇಲ್ಲಿ ಮಂಚಕ್ಕೇ ಬಡಿದಂತೆ ಕೇಳುತ್ತಿತ್ತು. ಆಕೆಯ ಗಂಡ, ಹನುಮಪ್ಪ ದೇವರ ಗುಡಿಯ ಕಟ್ಟೆಯ ಮೇಲೆ ಬೇವಿನ ನೆರಳಲ್ಲಿ ಮಲಗಿದ್ದ. "ಮನ್ಯಾಗ ನಿದ್ದಿ ಎಲ್ಲಿ ಹತ್ತತೈತ್ರಿ ಸಾಹೇಬ್ರ, ಗುಡಿ ಕಟ್ಟಿನ ಬರೋಬ್ಬರಿ" ಅಂದ. ಮಧ್ಯಾಹ್ನ ಸೈರನ್ ಆಗಿ ಬ್ಲಾಸ್ಟ್ ಹೊಡೆದಾಗ ಅಲ್ಲೂ ಎದ್ದು ಕುಳಿತ.

ಆ ಬ್ಲಾಸ್ಟಿನ ವಿಷಯ ನಿಮ್ಮ ಸೈಟ್ ಪ್ಲಾನಿನಲ್ಲಿ ಬರಲೇಬೇಕು. ತೆರೆದ ಗಣಿಯಲ್ಲಿ ಸ್ಫೋಟವನ್ನು ಹಗಲಿನಲ್ಲೇ ಮಾಡುತ್ತಾರೆ, ಸಾಮಾನ್ಯವಾಗಿ ಊಟದ ವೇಳೆಗೆ. ಸ್ಫೋಟದ ಸುತ್ತ 500 ಮೀಟರ್ ಅಪಾಯ ವಲಯ. ಕಲ್ಲು ಹಾರಿ ಬೀಳುವ ಲೆಕ್ಕಕ್ಕೆ ಅದು ಸರಿ, ನಿದ್ದೆಯ ಲೆಕ್ಕಕ್ಕೆ ಸಾಲದು. ನೆಲದ ಕಂಪನಕ್ಕೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಮಿತಿಗಳಿವೆ: ಗಣಿ ಮಾಲೀಕರದಲ್ಲದ ಸಾಧಾರಣ ಮನೆಗಳಿಗೆ, 8 ಹರ್ಟ್ಸ್‌ಗಿಂತ ಕಡಿಮೆ ಆವರ್ತನದಲ್ಲಿ ನೆಲ ಅಲುಗುವ ವೇಗ ಸೆಕೆಂಡಿಗೆ 5 ಮಿ.ಮೀ.; ಮಾಲೀಕರದೇ ಮನೆಗಳಿಗೆ 10 ಮಿ.ಮೀ. ಗಮನಿಸಿ, ಕಂಪನಿಯ ಕ್ವಾರ್ಟರ್ಸ್ ಆದರೆ ಎರಡು ಪಟ್ಟು ಅಲುಗಾಡಿಸಬಹುದು! ನೀವು ಮಾತ್ರ ಕಡಿಮೆ ಮಿತಿಯನ್ನೇ ಹಿಡಿದು ವಿನ್ಯಾಸ ಮಾಡಿ. ಆ ಮನೆ ಮುಂದೆ ಕಾರ್ಮಿಕನದೇ ಆಗಬೇಕು ಎನ್ನುವುದು ನನ್ನ ವಾದ, ಅದಕ್ಕೆ ಆಮೇಲೆ ಬರುತ್ತೇನೆ.

ಧೂಳಿನದು ಗಾಳಿಯ ಲೆಕ್ಕ. ಮುಂಗಾರಿನಲ್ಲಿ ನಮಗೆ ಪಶ್ಚಿಮ-ನೈಋತ್ಯದ ಗಾಳಿ, ಜೂನ್-ಜುಲೈನಲ್ಲಿ ಮಳೆಗಿಂತ ಅದರದ್ದೇ ಆರ್ಭಟ. ಚಳಿಗಾಲದಲ್ಲಿ ಪೂರ್ವ-ಈಶಾನ್ಯದಿಂದ ಬೀಸುತ್ತದೆ. ಗಣಿಯ ಪೂರ್ವಕ್ಕೆ ಮನೆ ಕಟ್ಟಿದರೆ ಒಂದು ಕಾಲದಲ್ಲಿ ಧೂಳು, ಪಶ್ಚಿಮಕ್ಕೆ ಕಟ್ಟಿದರೆ ಇನ್ನೊಂದು ಕಾಲದಲ್ಲಿ. ವಾಯವ್ಯ ಅಥವಾ ಆಗ್ನೇಯ ದಿಕ್ಕು ಹುಡುಕಿ, ಜಾಗದ ಗಾಳಿಯ ದಾಖಲೆಯ ಜೊತೆ ತಾಳೆ ನೋಡಿ. ಸಿಕ್ಕರೆ ಗರಸು (ಕಲ್ಲುಮಿಶ್ರಿತ ಗಟ್ಟಿ) ನೆಲವನ್ನೇ ಆರಿಸಿ. ಎರೆ ನೆಲ ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿಬಿಡುತ್ತದೆ, ಸಾಧಾರಣ ಪಾಯ ಹಾಕಿದರೆ ಎರಡನೇ ವರ್ಷವೇ ಗೋಡೆ ಸೀಳುತ್ತದೆ. ಅದನ್ನು ತಡೆಯಲು ನೆಲದಾಳಕ್ಕೆ ಇಳಿಸುವ ಕಂಬಗಳ (ಪೈಲ್) ಖರ್ಚಿನಲ್ಲಿ ಇನ್ನೊಂದು ಖೋಲಿ ಕಟ್ಟಬಹುದು. ಬೆಳೆಯುವ ಹೊಲವೂ ಉಳಿಯುತ್ತದೆ.

ಗೋಡೆ. ಹದಿನೆಂಟು ಇಂಚಿನ ಕಲ್ಲಿನ ಗೋಡೆ ಹೊರಗಿನ ಬಿಸಿಲನ್ನು ಒಳಗೆ ದಾಟಿಸಲು ಎಂಟು-ಹತ್ತು ತಾಸು ತೆಗೆದುಕೊಳ್ಳುತ್ತದೆ. ಬೆಳಿಗ್ಗೆ ಬಿದ್ದ ಬಿಸಿಲು ಸಂಜೆ ಒಳಗೆ ಬರುತ್ತದೆ. ಹಗಲು ಮಲಗುವವನಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಆದರೆ ಅದೇ ಗೋಡೆ ರಾತ್ರಿ ಹನ್ನೊಂದಕ್ಕೆ ಒಲೆಯಂತಿರುತ್ತದೆ, ಹೆಂಡತಿ-ಮಕ್ಕಳು ಬೆವರುತ್ತಾರೆ. ನಮ್ಮ ಹಿರಿಯರು ಇದಕ್ಕೆ ಕಂಡುಕೊಂಡ ಪರಿಹಾರ ಬೇಸಿಗೆಯಲ್ಲಿ ಮಾಳಿಗೆ ಮೇಲೆ ಹಾಸಿಕೊಳ್ಳುವುದು. ಅಂದರೆ ಒಂದೇ ಮನೆಯಲ್ಲಿ ಎರಡು ಮಲಗುವ ಜಾಗ ಬೇಕು: ಹಗಲಿಗೆ ದಪ್ಪ ಗೋಡೆಯ ಒಳಖೋಲಿ, ರಾತ್ರಿಗೆ ಆಕಾಶ. ನೀವು ಏನನ್ನು ಕಡಿತ ಮಾಡಿದರೂ ಮೇಲೆ ಹೋಗುವ ಮೆಟ್ಟಿಲನ್ನೂ, ಹೆಣ್ಣುಮಕ್ಕಳು ಮರೆಯಲ್ಲಿ ಮಲಗಲು ಬೇಕಾದ ಎದೆಮಟ್ಟದ ಪ್ಯಾರಾಪೆಟ್ಟನ್ನೂ ಕಡಿತ ಮಾಡಬೇಡಿ. ಎಸ್ಟಿಮೇಟ್ ತಗ್ಗಿಸುವಾಗ ಮೊದಲು ಹಾರುವುದೇ ಅವು.

ಒಳಖೋಲಿ ಉತ್ತರಕ್ಕೆ ಅಥವಾ ಪೂರ್ವಕ್ಕೆ ಇರಲಿ. ಪಶ್ಚಿಮದ ಗೋಡೆಗೆ ಬಚ್ಚಲು, ಸಾಮಾನು ಇಡುವ ಜಾಗ, ಮೆಟ್ಟಿಲು ಬರಲಿ. ಅವು ಬಿಸಿಲು ತಿನ್ನಲಿ. ಅಡುಗೆಮನೆ, ಸ್ವಂತದ್ದಾಗಲಿ ಪಕ್ಕದವರದ್ದಾಗಲಿ, ಈ ಖೋಲಿಯ ಗೋಡೆಗೆ ತಗುಲಬಾರದು. ಜೋಡಿ ಮನೆಗಳ ನಕ್ಷೆಯನ್ನು ಕನ್ನಡಿಯಂತೆ ತಿರುಗಿಸುವಾಗ ಅಡುಗೆಮನೆಗೆ ಅಡುಗೆಮನೆ, ಖೋಲಿಗೆ ಖೋಲಿ ಬರುವ ಹಾಗೆ ನೋಡಿಕೊಂಡರೆ ಅರ್ಧ ಕೆಲಸ ಆಯಿತು. ದೊಡ್ಡ ಕಿಟಕಿಯ ಬದಲು ಮೇಲೆ ಸಣ್ಣ ಬೆಳಕಿಂಡಿ, ಅದಕ್ಕೆ ಮುಚ್ಚುವ ಕದ.

ಕಲ್ಲಿನ ಗೋಡೆ ಎಂದ ತಕ್ಷಣ ಹಳೆ ಮನೆಗಳನ್ನೇ ನಕಲು ಮಾಡಲು ಹೋಗಬೇಡಿ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರಿನ ಕಿಲ್ಲಾರಿಯಲ್ಲಿ ಭೂಕಂಪವಾಗಿ ಹತ್ತಿರ ಹತ್ತಿರ 10,000 ಜನ ಸತ್ತರು. ಬಹುಪಾಲು ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ಎರಡು ಪದರದ ದಪ್ಪ ಕಲ್ಲಿನ ಗೋಡೆ, ಅದರ ಮೇಲೆ ವರ್ಷ ವರ್ಷ ಹಾಕುತ್ತ ಬಂದ ಮಣ್ಣಿನ ಮಾಳಿಗೆಯ ಭಾರ. ಎರಡು ಪದರಗಳನ್ನು ಕಟ್ಟಿಹಿಡಿಯುವ ಅಡ್ಡಗಲ್ಲು ಇರಲಿಲ್ಲ, ಗೋಡೆ ಹೊಟ್ಟೆ ಬಿಟ್ಟು ಕುಸಿಯಿತು. ನಮ್ಮ ಹಳ್ಳಿಗಳ ಮನೆಗಳೂ ಅದೇ ಜಾತಿಯವು. ದಿನಾ ಬ್ಲಾಸ್ಟ್ ಆಗುವ ಕಡೆ ಗೋಡೆಯ ಅಗಲಕ್ಕೂ ಹಾಯುವ ಅಡ್ಡಗಲ್ಲುಗಳು, ಸಿಮೆಂಟ್ ಅಥವಾ ಸುಣ್ಣದ ಗಾರೆ, ಬಾಗಿಲು-ಕಿಟಕಿಗಳ ಮೇಲಂಚಿನ (ಲಿಂಟೆಲ್) ಮಟ್ಟದಲ್ಲಿ ಸುತ್ತ ಒಂದು ಕಾಂಕ್ರೀಟ್ ಪಟ್ಟಿ ಬೇಕೇ ಬೇಕು. ಮೇಲೆ ಮಣ್ಣು ಬೇಡ. ಮಂಗಳೂರು ಹೆಂಚು ಹುದುಗಿಸಿದ ಫಿಲ್ಲರ್ ಸ್ಲ್ಯಾಬ್ ಹಾಕಿ, ಮೇಲೆ ಸುಣ್ಣದ ಕಾಂಕ್ರೀಟ್, ಅದರ ಮೇಲೆ ಬಿಳಿ ಟೈಲ್ ಚೂರುಗಳ ಹಾಸು (ಚೈನಾ ಮೊಸಾಯಿಕ್). ಬಡತನದ ದಾರಿ ಬೇಕೆಂದರೆ ಪ್ರತಿ ಮಾರ್ಚಿನಲ್ಲಿ ಸ್ಲ್ಯಾಬಿಗೆ ದಪ್ಪ ಸುಣ್ಣ ಬಳಿಯುವುದು. ಬರಿಗಾಲಲ್ಲಿ ನಿಂತರೆ ವ್ಯತ್ಯಾಸ ಗೊತ್ತಾಗುತ್ತದೆ.

ಕಲ್ಲು ಗಣಿಯಿಂದಲೇ ಬರಲಿ. ಕಾರ್ಖಾನೆಗೆ ಬೇಡವಾದ ಮೇಲುಪದರದ ಕಲ್ಲು ಗುಡ್ಡೆ ಬಿದ್ದಿರುತ್ತದೆ, ಕಲ್ಲು ಕೆಲಸ ಬಲ್ಲವರೂ ನಮ್ಮಲ್ಲಿ ಇನ್ನೂ ಇದ್ದಾರೆ. ಒಳಗಿನ ಅಡ್ಡಗೋಡೆಗೆ ಹಾರುಬೂದಿಯ ಇಟ್ಟಿಗೆ ಸಾಕು. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವ್ಯಾಟ್‌ನ ಉಷ್ಣ ಸ್ಥಾವರ ಇರುವಾಗ ಬೂದಿಗೆ ಬರವಿಲ್ಲ. ಇಷ್ಟರ ಬಗ್ಗೆ ನಿಮ್ಮ ಕಾಲೇಜಿನವರೇ ನನಗಿಂತ ಹೆಚ್ಚು ಹೇಳುತ್ತಾರೆ.

ಅವರು ಹೇಳದೇ ಇರಬಹುದಾದದ್ದು ಬಚ್ಚಲಿನ ಜಾಗ. ಗಣಿಯಿಂದ ಬಂದವನ ಅಂಗಿಯಲ್ಲಿ ಧೂಳಿರುತ್ತದೆ. ಸುಣ್ಣಕಲ್ಲಿಗಿಂತ ಗ್ರಾನೈಟ್, ಮರಳುಗಲ್ಲಿನ ಧೂಳು ಇನ್ನೂ ಕೆಟ್ಟದ್ದು, ಸಿಲಿಕಾ ಶ್ವಾಸಕೋಶ ಕೆಡಿಸುತ್ತದೆ. ಅದೇ ಬಟ್ಟೆಯಲ್ಲಿ ಪಡಸಾಲೆ ದಾಟಿ ಹಿತ್ತಲಿನ ಬಚ್ಚಲಿಗೆ ಹೋದರೆ ಕೂಸು ಆಡುವ ನೆಲಕ್ಕೆಲ್ಲ ಧೂಳು. ಕೆಲಸದಿಂದ ಬರುವ ದಾರಿಯಲ್ಲೇ, ಮನೆಯೊಳಗೆ ಕಾಲಿಡುವ ಮೊದಲೇ ಬಚ್ಚಲು ಸಿಗಲಿ, ಅಲ್ಲೇ ಬಟ್ಟೆ ಒಗೆಯುವ ಕಲ್ಲು. ಇನ್ನೂ ಒಳ್ಳೆಯದು ಗಣಿಯ ಗೇಟಿನಲ್ಲೇ ಸ್ನಾನದ ಕಟ್ಟಡ. ಕಲ್ಲಿದ್ದಲು ಗಣಿಗಳಿಗೆ ನಮ್ಮ ದೇಶದಲ್ಲಿ 1959ರಲ್ಲೇ ಅದರ ನಿಯಮ ಬಂದಿದೆ, ಸುಣ್ಣಕಲ್ಲಿನವರಿಗೆ ಮೈ ಇಲ್ಲವೇ?

ನೀರು: 50 ಚದರ ಮೀಟರ್ ಮಾಳಿಗೆ, ವರ್ಷಕ್ಕೆ 550 ಮಿ.ಮೀ. ಮಳೆ, ಅದರಲ್ಲಿ ಶೇ. 80 ಹಿಡಿದರೆ 22,000 ಲೀಟರ್. ಐದು ಜನರ ಮನೆಗೆ ತಲೆಗೆ ದಿನಕ್ಕೆ 55 ಲೀಟರ್ ಎಂದರೆ ಎಂಬತ್ತು ದಿನಕ್ಕೆ ಮುಗಿಯುತ್ತದೆ. ಎಲ್ಲದಕ್ಕೂ ಸಾಲುವುದಿಲ್ಲ, ಆದರೆ ಕುಡಿಯಲು, ಅಡುಗೆಗೆ ಮಾತ್ರ ಇಟ್ಟುಕೊಂಡರೆ ವರ್ಷವಿಡೀ ಬರುತ್ತದೆ. ನಮ್ಮ ಜಿಲ್ಲೆಯ ಅನೇಕ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಮಕ್ಕಳ ಹಲ್ಲು ನೋಡಿದರೆ ಗೊತ್ತಾಗುತ್ತದೆ. ಹಾಗಾಗಿ ಮಳೆನೀರಿನ ತೊಟ್ಟಿಯನ್ನು ಅಲಂಕಾರಕ್ಕೆ ತೋರಿಸಬೇಡಿ, ಪಾಯದ ಜೊತೆಗೇ ಕಟ್ಟುವಂತೆ ತೋರಿಸಿ.

ಈಗ ಗಣಿ ಮುಚ್ಚಿದ ಮೇಲಿನ ಮಾತು. ಕುದುರೆಮುಖದಲ್ಲಿ 2005ರ ಕೊನೆಗೆ ಗಣಿ ನಿಂತಿತು. ಕಾಡಿನ ನಡುವೆ ಕಂಪನಿಗಾಗಿಯೇ ಎದ್ದ ಊರು, ಬೇರೆ ಕಸುಬು ಇಲ್ಲ, ಮನೆಗಳು ಖಾಲಿಯಾದವು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ಸಾಲುಮನೆಗಳ ಇಕ್ಕಟ್ಟು ಹಾಗೇ ಇದೆ, ಅದಿರಿನಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಸಯನೈಡ್ ಗುಡ್ಡಗಳ ಧೂಳು ಗಾಳಿಗೆ ಏಳುತ್ತದೆ, ಆದರೂ ಜನ ಇದ್ದಾರೆ. ಅಲ್ಲಿಯ ಮಾರಿಕುಪ್ಪಂ ನಿಲ್ದಾಣದಿಂದ ಬೆಂಗಳೂರಿಗೆ ರೈಲು ಇದೆ, ಬೆಳಿಗ್ಗೆ ಹೋಗಿ ರಾತ್ರಿ ಬರುತ್ತಾರೆ. ನನ್ನ ಮಟ್ಟಿಗೆ ಸುಸ್ಥಿರ ಅನ್ನುವುದರ ಮೊದಲ ಪರೀಕ್ಷೆ ಇದೇ, ಗೋಡೆಯ ಇಟ್ಟಿಗೆ ಆಮೇಲೆ. ಬೇಲಿ ಹಾಕಿದ ಪ್ರತ್ಯೇಕ ಕಾಲೊನಿ ಮಾಡಬೇಡಿ. ಇರುವ ಹಳ್ಳಿಯ ಅಂಚಿಗೆ, ಬಸ್ಸು ನಿಲ್ಲುವ ರಸ್ತೆಗೆ, ಅದೇ ಶಾಲೆಗೆ, ಅದೇ ಸಂತೆಗೆ ಹೊಂದಿಸಿ. ಹಕ್ಕುಪತ್ರ ಕುಟುಂಬದ ಹೆಸರಿಗೆ ಬರುವ ದಾರಿ ತೋರಿಸಿ. ಸ್ವಂತದ್ದಲ್ಲದ ಮನೆಗೆ ಯಾರೂ ಮಾರ್ಚಿನಲ್ಲಿ ಸುಣ್ಣ ಬಳಿಯುವುದಿಲ್ಲ. ಆಲಮಟ್ಟಿ ಹಿನ್ನೀರಿಗಾಗಿ ಬಾಗಲಕೋಟೆಯ ಅರ್ಧ ಊರು ನವನಗರಕ್ಕೆ ಎದ್ದು ಬಂತು. ಸೆಕ್ಟರುಗಳು, ಅಗಲ ರಸ್ತೆ ಎಲ್ಲ ಸಿಕ್ಕವು, ಆದರೂ ಸೀರೆ-ಕುಪ್ಪಸಕ್ಕೆ ನಮ್ಮ ಮನೆಯವರು ಇವತ್ತಿಗೂ ಹಳೇ ಪೇಟೆಗೇ ಹೋಗುತ್ತಾರೆ. ಪೇಟೆಯನ್ನು ನಕ್ಷೆಯಲ್ಲಿ ಬರೆಯಬಹುದು, ಹುಟ್ಟಿಸುವುದು ಕಷ್ಟ.

ಸೋಲಾರ್ ಕೇಳಿದ್ದಿರಿ. ಪ್ರತಿ ಮನೆಯ ಮಾಳಿಗೆಯ ಮೇಲೆ ನೆಲಕ್ಕಂಟಿದಂತೆ ಪ್ಯಾನೆಲ್ ಹಾಕಿದರೆ ರಾತ್ರಿ ಹಾಸಿಗೆ ಎಲ್ಲಿ? ಒಳಖೋಲಿಯ ಮೇಲಿನ ಭಾಗಕ್ಕೆ ಮಾತ್ರ ಎಂಟು ಅಡಿ ಎತ್ತರದ ಚೌಕಟ್ಟಿನಲ್ಲಿ ಕೂರಿಸಿ: ಕೆಳಗಿನ ಸ್ಲ್ಯಾಬಿಗೆ ನೆರಳು, ಮಿಕ್ಕ ಮಾಳಿಗೆ ಮಲಗಲು ತೆರಪು. ಸಿಮೆಂಟ್ ಕಾರ್ಖಾನೆಯ ಹತ್ತಿರದ ಧೂಳು ಇಬ್ಬನಿ ಬಿದ್ದರೆ ಗಾಜಿಗೆ ಅಂಟಿ ಗಟ್ಟಿಯಾಗುತ್ತದೆ, ಆದ್ದರಿಂದ ಒರೆಸಲು ಕೈಗೆಟಕುವ ಹಾಗಿರಲಿ. ಶಾಲೆ, ಅಂಗಡಿ ಸಾಲಿನ ಮೇಲೆ ರಾತ್ರಿ ಯಾರೂ ಮಲಗುವುದಿಲ್ಲ, ಅಲ್ಲಿ ಎಷ್ಟಾದರೂ ಹಾಕಿ. ಮನೆಯನ್ನು ಸೀಳಿ ತೋರಿಸುವ ಸೆಕ್ಷನ್ ಡ್ರಾಯಿಂಗ್ ತಯಾರಾದ ಮೇಲೆ ಇಲ್ಲೇ ಹಾಕಿದರೆ ನೋಡಿ ಹೇಳುತ್ತೇನೆ. ಮಧ್ಯಾಹ್ನ ಒಂದು ಗಂಟೆಯ ಬಿಸಿಲಿನ ಕೋನ ಅದರಲ್ಲಿ ಬರೆದಿರಲಿ.