ಓದುಗರ ಪ್ರಶ್ನೆ, ನಮ್ಮ ಉತ್ತರ: ಜಿಂಕೆ ಬೇಟೆಯ ರೈಫಲ್ ಮತ್ತು ರಾಜ್ಯಕ್ಕೊಂದು ಕಾನೂನು

ಪ್ರಶ್ನೆ: ನನ್ನ ಮಗ ಎಚ್-1ಬಿ ವೀಸಾದ ಮೇಲೆ ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ನೌಕರಿಯಲ್ಲಿದ್ದಾನೆ. ಸಹೋದ್ಯೋಗಿಗಳ ಜೊತೆ ಈ ಸಲ ಜಿಂಕೆ ಬೇಟೆಗೆ ಹೋಗಲು ರೈಫಲ್ ಕೊಳ್ಳುವ ವಿಚಾರ ಮಾಡಿದ್ದಾನೆ. ಒಬ್ಬರು .308 (ಇಂಚಿನಲ್ಲಿ ಗುಂಡಿನ ವ್ಯಾಸ ಹೇಳುವ ತೋಟಾದ ಹೆಸರು) ಬೋಲ್ಟ್ ಆ್ಯಕ್ಷನ್, ಅಂದರೆ ಪ್ರತಿ ಸಲ ಕೈಯಿಂದ ಚಿಲಕ ಎಳೆದು ತೋಟಾ ಏರಿಸುವ ರೈಫಲ್ ತಗೊಳ್ಳಲು ಹೇಳಿದರೆ, ಇನ್ನೊಬ್ಬರು ಸೆಮಿ ಆಟೊಮ್ಯಾಟಿಕ್, ಅಂದರೆ ಮುಂದಿನ ತೋಟಾ ತಾನಾಗಿಯೇ ಏರುವ ರೈಫಲ್ ಒಳ್ಳೆಯದು ಎನ್ನುತ್ತಾರಂತೆ. ನೆರೆಯ ಪೆನ್ಸಿಲ್ವೇನಿಯಾದಲ್ಲಿಯೂ ಬೇಟೆಯಾಡುವ ಆಸೆ ಅವನಿಗಿದೆ. ನಾನೂ ನವೆಂಬರಿನಲ್ಲಿ ಅವನಲ್ಲಿಗೆ ಹೋಗುವವನಿದ್ದೇನೆ. ಅವನು ಯಾವ ರೈಫಲ್ ಕೊಳ್ಳುವುದು ಸರಿ?
– ಒಬ್ಬ ಓದುಗರು, ತಿಲಕವಾಡಿ, ಬೆಳಗಾವಿ

ಉತ್ತರ: ರೈಫಲ್ಲಿನ ಮಾತಿಗಿಂತ ಮೊದಲು ನಿಮ್ಮ ಮಗನ ವೀಸಾದ ಮಾತನ್ನು ಆಡಬೇಕಾಗಿದೆ, ಏಕೆಂದರೆ ಅವರ ಸಹೋದ್ಯೋಗಿಗಳು ಅಲ್ಲಿಯ ಪ್ರಜೆಗಳಾಗಿದ್ದರೆ ಈ ಸಂಗತಿ ಅವರ ಗಮನಕ್ಕೆ ಬಂದಿರಲಿಕ್ಕಿಲ್ಲ. ವಲಸೆಯೇತರ ವೀಸಾದ (ಕಾಯಂ ನೆಲೆಸಲು ಅಲ್ಲದೆ ತಾತ್ಕಾಲಿಕವಾಗಿ ಬರಲು ಕೊಡುವ ವೀಸಾ) ಮೇಲೆ ಬಂದವರು ಬಂದೂಕನ್ನಾಗಲಿ ತೋಟಾಗಳನ್ನಾಗಲಿ ಹೊಂದುವುದನ್ನು ಅಮೆರಿಕದ ಒಕ್ಕೂಟ ಕಾನೂನು ನಿಷೇಧಿಸುತ್ತದೆ. ಎಚ್-1ಬಿ ಕೂಡ ಅಂಥದೇ ವೀಸಾ. ಈ ನಿಷೇಧಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಮುಖ್ಯವಾದುದು, ಅಲ್ಲಿಯ ಯಾವುದಾದರೂ ರಾಜ್ಯ ನೀಡಿದ, ಅವಧಿ ಮುಗಿಯದ ಬೇಟೆ ಪರವಾನಗಿ. ಆದ್ದರಿಂದ ಅವರು ಮೊದಲು ಬೇಟೆ ಶಿಕ್ಷಣದ ತರಗತಿಯನ್ನು ಮುಗಿಸಿ, ಪರವಾನಗಿ ಪಡೆದು, ಆಮೇಲೆಯೇ ಅಂಗಡಿಗೆ ಹೋಗಬೇಕು. ರೈಫಲ್ ಮನೆಯಲ್ಲಿರುವಷ್ಟು ಕಾಲ ಆ ಪರವಾನಗಿಯ ಅವಧಿ ಮುಗಿಯದಂತೆ ನೋಡಿಕೊಳ್ಳುವುದು ಅಷ್ಟೇ ಅಗತ್ಯ. 2022ರ ತಿದ್ದುಪಡಿಯ ನಂತರ ಈ ನಿಷೇಧದ ಉಲ್ಲಂಘನೆಗೆ 15 ವರ್ಷಗಳವರೆಗೆ ಸೆರೆವಾಸವಿದೆ. ದೇಶದಿಂದ ಹೊರಹಾಕುವುದಕ್ಕೂ ಅದು ಕಾರಣವಾಗುತ್ತದೆ. ಗ್ರೀನ್ ಕಾರ್ಡ್ (ಕಾಯಂ ನೆಲೆಸುವ ಅನುಮತಿ) ಇದ್ದವರಿಗೆ ಈ ನಿರ್ಬಂಧವಿಲ್ಲ.

ಇನ್ನು ಆಯ್ಕೆಯ ವಿಷಯ. ಸಹೋದ್ಯೋಗಿಗಳಿಬ್ಬರೂ ತಪ್ಪು ಹೇಳಿಲ್ಲ, ಆದರೆ ಇಬ್ಬರ ಸಲಹೆಯೂ ಒಂದೊಂದೇ ರಾಜ್ಯಕ್ಕೆ ಹೊಂದುತ್ತದೆ. ಒಹಾಯೊ ರಾಜ್ಯವು ಜಿಂಕೆ ಬೇಟೆಗೆ ನೇರ ಕೊಳವೆಯ ತೋಟಾ ಬಳಸುವ ರೈಫಲ್ಲುಗಳಿಗೆ ಮಾತ್ರ ಅವಕಾಶ ಕೊಟ್ಟಿದೆ. ತೋಟಾದ ಹಿತ್ತಾಳೆಯ ಕೊಳವೆಯು ಬುಡದಿಂದ ಬಾಯಿಯವರೆಗೆ ಹೆಚ್ಚುಕಡಿಮೆ ನೇರವಾಗಿರಬೇಕು, ಗುಂಡಿನ ಅಳತೆಯು (ವ್ಯಾಸ) .357ರಿಂದ .50 ಇಂಚಿನೊಳಗೆ ಇರಬೇಕು, ಮತ್ತು ಮ್ಯಾಗಜೀನ್ (ರೈಫಲ್ಲಿನ ತೋಟಾ ಪೆಟ್ಟಿಗೆ) ಹಾಗೂ ನಳಿಗೆ ಸೇರಿ ಮೂರಕ್ಕಿಂತ ಹೆಚ್ಚು ತೋಟಾ ತುಂಬಿರಬಾರದು. .308, .270, .30-06 ಮೊದಲಾದ ಪ್ರಸಿದ್ಧ ತೋಟಾಗಳು ಭುಜವಿದ್ದು ಕೊರಳು ಕಿರಿದಾಗುವ ಜಾತಿಯವಾದ್ದರಿಂದ ಅಲ್ಲಿಯ ಜಿಂಕೆ ಬೇಟೆಗೆ ಸಲ್ಲುವುದಿಲ್ಲ. ಸೆಮಿ ಆಟೊಮ್ಯಾಟಿಕ್ ಆದರೆ, ಮೇಲಿನ ನಿಯಮಕ್ಕೆ ಒಳಪಟ್ಟಿದ್ದರೆ, ಒಹಾಯೊದಲ್ಲಿ ನಡೆಯುತ್ತದೆ. ಪೆನ್ಸಿಲ್ವೇನಿಯಾದಲ್ಲಿ ಇದಕ್ಕೆ ತದ್ವಿರುದ್ಧ: .308 ಬೋಲ್ಟ್ ಆ್ಯಕ್ಷನ್ ಸಲ್ಲುತ್ತದೆ, ಸೆಮಿ ಆಟೊಮ್ಯಾಟಿಕ್ ರೈಫಲ್ಲಿನಿಂದ ಜಿಂಕೆ ಹೊಡೆಯುವಂತಿಲ್ಲ.

ಒಹಾಯೊದ ನಿಯಮ ವಿಚಿತ್ರವೆನಿಸಬಹುದು, ಆದರೆ ಅದರ ಹಿಂದಿನ ಕಾರಣ ನಮ್ಮ ಭಾಗದವರಿಗೆ ಬೇಗ ಮನದಟ್ಟಾಗುತ್ತದೆ. ವಿಜಯಪುರದ ಎರೆಹೊಲಗಳಂತೆ ಒಹಾಯೊದ ಬಹುಭಾಗವೂ ಗುಡ್ಡವಿಲ್ಲದ ಬಯಲು ಬೇಸಾಯದ ನೆಲ. ಗುರಿ ತಪ್ಪಿದ ಗುಂಡನ್ನು ತಡೆಯಲು ಏರು ಇರುವುದಿಲ್ಲ, ಹೊಲಗಳ ನಡುವೆ ಮನೆಗಳಿರುತ್ತವೆ. ಅಲ್ಲಿ ಮೊದಲು ಜಿಂಕೆಗೆ ಶಾಟ್‌ಗನ್ ಬಳಸುವುದೇ ರೂಢಿಯಾಗಿತ್ತು. ನೇರ ಕೊಳವೆಯ ತೋಟಾದಿಂದ ಹೊರಟ ಭಾರದ ಗುಂಡು ಹತ್ತಿರದಲ್ಲಿ ಸಾಕಷ್ಟು ಬಲವಾಗಿದ್ದು ದೂರಕ್ಕೆ ಹೋದಂತೆ ಬೇಗ ವೇಗ ಕಳೆದುಕೊಳ್ಳುವುದರಿಂದ, 2014ರಲ್ಲಿ ಅಂಥ ರೈಫಲ್ಲುಗಳಿಗೆ ಒಪ್ಪಿಗೆ ದೊರೆಯಿತು. ಜನವಸತಿಯನ್ನು ಕಾಯುವ ಈ ನಿಯಮವನ್ನು ನಾನು ಮೆಚ್ಚುತ್ತೇನೆ.

ಎರಡೂ ರಾಜ್ಯಗಳಿಗೆ ಸಲ್ಲುವಂಥದು ಬೇಕೆಂದರೆ ನನ್ನ ಸ್ಪಷ್ಟ ಅಭಿಪ್ರಾಯ, .350 ಲೆಜೆಂಡ್ ತೋಟಾದ ಬೋಲ್ಟ್ ಆ್ಯಕ್ಷನ್ ರೈಫಲ್. ವಿಂಚೆಸ್ಟರ್ ಕಂಪನಿಯು 2019ರಲ್ಲಿ ಮಾರುಕಟ್ಟೆಗೆ ತಂದ ಈ ತೋಟಾದ ಹೆಸರಿನಲ್ಲಿ .350 ಇದ್ದರೂ ಅದರ ಗುಂಡಿನ ಅಳತೆ .357 ಆಗಿರುವುದರಿಂದ ಒಹಾಯೊದಲ್ಲಿ ಅದು ಒಪ್ಪಿತ. ಹಿಮ್ಮೊಗದ ಹೊಡೆತ ಕಡಿಮೆ ಇರುವುದರಿಂದ ಹೊಸಬರು ಹೆದರದೆ ಅಭ್ಯಾಸ ಮಾಡಬಹುದು. ಬಿಳಿಬಾಲದ ಜಿಂಕೆಗೆ ಸುಮಾರು 150 ಗಜದವರೆಗೆ ಅದನ್ನು ನಂಬಬಹುದು, ಕಾಡಂಚಿನಲ್ಲಿ ಕುಳಿತು ಹೊಡೆಯುವವರಿಗೆ ಅದಕ್ಕಿಂತ ಹೆಚ್ಚಿನ ದೂರ ಸಾಮಾನ್ಯವಾಗಿ ಬೇಕಾಗುವುದಿಲ್ಲ. .450 ಬುಷ್‌ಮಾಸ್ಟರ್ ಕೂಡ ಎರಡೂ ಕಡೆ ಸಲ್ಲುತ್ತದೆ, ಆದರೆ ಅದರ ಹೊಡೆತ ಭುಜಕ್ಕೆ ಜೋರು. ಮೊದಲ ರೈಫಲ್ ಆಗಿ ಅದನ್ನು ನಾನು ಸೂಚಿಸಲಾರೆ. ಬೇಟೆಯ ಕಾಲ ಬರುವ ಮೊದಲೇ ದುರ್ಬೀನು ಕೂಡಿಸಿ, ಬೇಟೆಗೆ ಬಳಸಲಿರುವ ತೋಟಾಗಳಿಂದಲೇ ಗುರಿ ಹೊಂದಿಸಿಕೊಳ್ಳಬೇಕು. ಗಾಯಗೊಂಡು ಓಡಿಹೋಗುವ ಪ್ರಾಣಿಯ ನೋವಿಗೆ ಬಹಳ ಸಲ ಈ ಸಿದ್ಧತೆಯ ಕೊರತೆಯೇ ಕಾರಣ.

ಮುಂದೆ ನೌಕರಿ ಬೇರೆ ರಾಜ್ಯಕ್ಕೆ ಬದಲಾದರೆ ಮತ್ತೆ ನಿಯಮ ಓದಬೇಕಾಗುತ್ತದೆ. 2023ರಿಂದ ರೈಫಲ್ಲಿಗೆ ಅವಕಾಶ ಕೊಟ್ಟಿರುವ ಇಲಿನಾಯ್ ರಾಜ್ಯದಲ್ಲಿ ಒಂದು ಸಲಕ್ಕೆ ಒಂದೇ ತೋಟಾ ಹಿಡಿಯುವ ರೈಫಲ್ ಮಾತ್ರ ನಡೆಯುತ್ತದೆ. ಮೆಸಾಚುಸೆಟ್ಸ್‌ನಲ್ಲಿ ಜಿಂಕೆಗೆ ರೈಫಲ್ಲೇ ಇಲ್ಲ. ಕೊಲರಾಡೊ ಕನಿಷ್ಠ .24 ಇಂಚಿನ ಅಳತೆ, 70 ಗ್ರೇನ್ (ಸುಮಾರು ನಾಲ್ಕೂವರೆ ಗ್ರಾಂ) ತೂಕದ ಗುಂಡು ಮತ್ತು 100 ಗಜದಲ್ಲಿ 1000 ಫುಟ್-ಪೌಂಡ್ (ಗುಂಡಿನ ಶಕ್ತಿಯ ಮಾಪನ) ಶಕ್ತಿಯನ್ನು ಕೇಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಸೀಸದ ಗುಂಡಿನಿಂದ ಬೇಟೆಯಾಡುವಂತಿಲ್ಲ. ಇಂಥ ನಿಯಮಗಳು ವರ್ಷದಿಂದ ವರ್ಷಕ್ಕೆ ತಿದ್ದುಪಡಿಯಾಗುವುದರಿಂದ ಆಯಾ ರಾಜ್ಯದ ವನ್ಯಜೀವಿ ಇಲಾಖೆಯ ಆ ವರ್ಷದ ಕೈಪಿಡಿಯನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು.

ಕೊನೆಗೆ ನಿಮ್ಮ ಪ್ರವಾಸದ ಮಾತು. ಪ್ರವಾಸಿ ವೀಸಾ ಕೂಡ ವಲಸೆಯೇತರ ವೀಸಾ ಆಗಿರುವುದರಿಂದ, ಬೇಟೆ ಪರವಾನಗಿ ಇಲ್ಲದೆ ನೀವು ಮಗನ ರೈಫಲ್ಲನ್ನು ಫೋಟೊಕ್ಕಾಗಿ ಕೂಡ ಕೈಯಲ್ಲಿ ಹಿಡಿಯಬೇಡಿ, ಗುರಿ ಅಭ್ಯಾಸದ ಮೈದಾನದಲ್ಲಿ ಬಾಡಿಗೆ ಬಂದೂಕನ್ನೂ ಹಾರಿಸಬೇಡಿ. ಕಾಡಿಗೆ ಜೊತೆಯಲ್ಲಿ ಹೋಗುವುದಾದರೆ ಕಡು ಕಿತ್ತಳೆ ಬಣ್ಣದ ಅಂಗಿಯನ್ನು ತಪ್ಪದೆ ಧರಿಸಿ.

ಪ್ರಶ್ನೆ: ನಮ್ಮ ಅಳಿಯಂದಿರು ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಬೇಟೆಯ ರೈಫಲ್ ಇಟ್ಟುಕೊಂಡಿದ್ದಾರೆ. ಮುಂದಿನ ವರ್ಷ ಊರಿಗೆ ಮರಳುವಾಗ ಅದನ್ನು ತರಬಹುದೆ? ನಮ್ಮ ಹೊಲಕ್ಕೆ ಚಿಂಕಾರಗಳು (ಜಿಂಕೆಯಂಥ ಸಣ್ಣ ಪ್ರಾಣಿ) ಬರುತ್ತವೆ.
– ಒಬ್ಬ ಓದುಗರು, ಬೀಳಗಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ

ಉತ್ತರ: ಅಮೆರಿಕದಲ್ಲಿ ಜಿಂಕೆಯ ಬೇಟೆಗೆ ನಿಯಮ ರೂಪಿಸುವ ಅಧಿಕಾರ ಆಯಾ ರಾಜ್ಯದ್ದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಇಡೀ ದೇಶಕ್ಕೆ ಅನ್ವಯಿಸುತ್ತದೆ, ಯಾವ ರಾಜ್ಯವೂ ಜಿಂಕೆ ಬೇಟೆಯ ಋತುವನ್ನು ತೆರೆಯುವಂತಿಲ್ಲ. ಚಿಂಕಾರ ಆ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ, ಅಂದರೆ ಅತಿ ಹೆಚ್ಚಿನ ರಕ್ಷಣೆ ಪಡೆದ ಪ್ರಾಣಿಗಳ ಪಟ್ಟಿಯಲ್ಲಿದೆ. ನಿಮ್ಮದೇ ಜಿಲ್ಲೆಯ ಯಡಹಳ್ಳಿಯಲ್ಲಿ ಅದಕ್ಕಾಗಿಯೇ ವನ್ಯಧಾಮವಿದೆ. ಅದು ನಿಮ್ಮ ಹೊಲದಲ್ಲಿ ಮೇಯುತ್ತಿದ್ದರೂ ಗುಂಡು ಹಾರಿಸುವುದು ಗಂಭೀರ ಅಪರಾಧ. ಬೆಳೆ ಹಾನಿಯಾಗಿದ್ದರೆ ವಲಯ ಅರಣ್ಯಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಿರಿ.

ರೈಫಲ್ಲಿನ ವಿಷಯದಲ್ಲಿ, 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಇಲ್ಲಿಯ ಪರವಾನಗಿ ಇಲ್ಲದೆ ಅದನ್ನು ಹೊಂದುವಂತಿಲ್ಲ, ಅಮೆರಿಕದ ಕಾಗದಪತ್ರಗಳಿಗೆ ಇಲ್ಲಿ ಬೆಲೆಯಿಲ್ಲ, ಸಾಮಾನಿನ ಜೊತೆ ತಂದರೆ ವಿಮಾನ ನಿಲ್ದಾಣದಲ್ಲಿಯೇ ಪ್ರಕರಣ ದಾಖಲಾಗಬಹುದು. ಬೇಟೆಯೇ ಇಲ್ಲದ ನಾಡಿಗೆ ಬೇಟೆಯ ರೈಫಲ್ ತರಲು ಪಡುವ ಶ್ರಮಕ್ಕೆ ಅರ್ಥವನ್ನು ನಾನು ಕಾಣೆ. ಅವರು ಅಲ್ಲಿಯ ಬೇಟೆ ಪರವಾನಗಿಯ ಅವಧಿ ಮುಗಿಯುವುದಕ್ಕೆ ಮೊದಲೇ ಅದನ್ನು ಪರವಾನಗಿ ಪಡೆದ ಬಂದೂಕು ವ್ಯಾಪಾರಿಯೊಬ್ಬರಿಗೆ ಮಾರಿ, ರಸೀದಿಯನ್ನು ಜೋಪಾನವಾಗಿ ಇಟ್ಟುಕೊಂಡು ಹೊರಡಲಿ.